ಸರ್ವರ್ ರೂಮಿನ ಮಾತು: ರ್ಯಾಕಿಗೆ ಏರಿಸುವುದರಿಂದ ಬ್ಯಾಕಪ್ ಮರಳಿ ತರುವವರೆಗೆ

ರೇಷನ್ ಅಂಗಡಿಯಲ್ಲೋ, ಬ್ಯಾಂಕಿನಲ್ಲೋ, ನೋಂದಣಿ ಕಚೇರಿಯಲ್ಲೋ "ಸರ್ವರ್ ಡೌನ್ ಇದೆ, ನಾಳೆ ಬನ್ನಿ" ಅನ್ನುವ ಮಾತು ಕೇಳದವರು ನಮ್ಮಲ್ಲಿ ಕಡಿಮೆ. ಆ ಹೊತ್ತಿನಲ್ಲಿ ಎಲ್ಲೋ ಒಂದು ತಣ್ಣಗಿನ ಕೋಣೆಯಲ್ಲಿ ಯಾರೋ ಒಬ್ಬರು ಫೋನ್ ಕಿವಿಗೆ ಒತ್ತಿಕೊಂಡು ನಿಂತಿರುತ್ತಾರೆ. ಆ ಕಡೆಯಿಂದ ಹಿರಿಯರು ಹೇಳುತ್ತಿರುತ್ತಾರೆ: "ರೀಬೂಟ್ ಮಾಡಬೇಡ, ಸರ್ವಿಸ್ ಮಾತ್ರ ರೀಸ್ಟಾರ್ಟ್ ಮಾಡು." ಇವೆರಡರ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಐದು ನಿಮಿಷದ ತೊಂದರೆ ಅರ್ಧ ದಿನ ಎಳೆಯುತ್ತದೆ.

ಆ ಕೋಣೆಗೆ ಹೊಸದಾಗಿ ಕಾಲಿಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಡಿಪ್ಲೊಮಾ, ಬಿಸಿಎ ಮುಗಿಸಿ ಮೊದಲ ಕೆಲಸಕ್ಕೆ ಸೇರಿದವರು, ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತ ಇದ್ದಕ್ಕಿದ್ದಂತೆ ಸರ್ವರ್ ಹೊಣೆ ಹೊತ್ತವರು, ಇಬ್ಬರಿಗೂ ಇದು ಆಗುತ್ತದೆ. ಪದಗಳನ್ನು ಪಟ್ಟಿ ಮಾಡಿ ಉರುಹೊಡೆದರೆ ಉಳಿಯುವುದಿಲ್ಲ. ಪೆಟ್ಟಿಗೆ ಬಂದ ದಿನದಿಂದ ಶುರು ಮಾಡಿ, ಕೆಲಸ ಸಾಗುವ ಕ್ರಮದಲ್ಲೇ ಹೋಗೋಣ. ಪದ ಎಲ್ಲಿ ಎದುರಾಗುತ್ತದೋ ಅಲ್ಲೇ ಕಲಿಯೋಣ. ಒಂದೇ ಥರ ಕಾಣುವ ಎರಡು ಪದ ಬಂದ ಕಡೆ ಸ್ವಲ್ಪ ನಿಲ್ಲಿ. ನಾನು ನೋಡಿದ ದೊಡ್ಡ ತಪ್ಪುಗಳೆಲ್ಲ ಇಂಥ ಜೋಡಿಗಳಲ್ಲೇ ಆಗಿವೆ.

ಉದಾಹರಣೆಗೆ ಒಂದು ಯಂತ್ರ ಇಟ್ಟುಕೊಳ್ಳೋಣ. ಒಂದು ಸಂಸ್ಥೆಯ ಲೆಕ್ಕಪತ್ರದ ಸಾಫ್ಟ್‌ವೇರ್ ಓಡಿಸಲು ಬಂದ 2ಯು ಸರ್ವರ್. ಎರಡು ಪವರ್ ಸಪ್ಲೈ, ಆಪರೇಟಿಂಗ್ ಸಿಸ್ಟಮ್‌ಗೆ (ಮುಂದೆ ಚಿಕ್ಕದಾಗಿ ಓಎಸ್) ಎರಡು ಚಿಕ್ಕ ಎಸ್‌ಎಸ್‌ಡಿ, ಅಂದರೆ ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್, ಡೇಟಾಗೆ 4 ಟಿಬಿಯ ನಾಲ್ಕು ಡಿಸ್ಕ್. ಮೇಲೆ ಲಿನಕ್ಸ್.

ಹಂತ 1: ರ್ಯಾಕ್ ಮತ್ತು ಕರೆಂಟು

ಸರ್ವರ್ ಕೂರುವ ಕಬ್ಬಿಣದ ಚೌಕಟ್ಟೇ ರ್ಯಾಕ್. ಅಗಲ 19 ಇಂಚು. ಎತ್ತರವನ್ನು 'ಯು' ಲೆಕ್ಕದಲ್ಲಿ ಅಳೆಯುತ್ತಾರೆ. 1ಯು ಅಂದರೆ 1.75 ಇಂಚು, ಅಂದರೆ 44.45 ಮಿ.ಮೀ. ಸಾಮಾನ್ಯವಾಗಿ ಕಾಣುವುದು 42ಯು ರ್ಯಾಕ್. ನಮ್ಮ 2ಯು ಸರ್ವರ್ ಮೂರೂವರೆ ಇಂಚು ಎತ್ತರ ತಿನ್ನುತ್ತದೆ.

ಭಾರದ್ದು ಕೆಳಗೆ, ಹಗುರದ್ದು ಮೇಲೆ. ಮೇಲೆ ಭಾರ ಜಾಸ್ತಿಯಾದರೆ ರ್ಯಾಕ್ ಮುಂದಕ್ಕೆ ಮಗುಚುತ್ತದೆ. ಸರ್ವರ್ ಎತ್ತುವಾಗ ಇಬ್ಬರು ಇರಲಿ. ಎರಡೂ ಬದಿಗೆ ಹಾಕುವ ಜಾರು ಪಟ್ಟಿಗಳಿಗೆ ರೈಲ್ ಅನ್ನುತ್ತಾರೆ. ಚೌಕದ ತೂತುಗಳಲ್ಲಿ ಸಿಕ್ಕಿಸುವ ನಟ್‌ಗೆ ಕೇಜ್ ನಟ್. ಸರ್ವರ್ ಮುಂಭಾಗದಿಂದ ತಣ್ಣನೆ ಗಾಳಿ ಎಳೆದು ಹಿಂಭಾಗದಿಂದ ಬಿಸಿ ಗಾಳಿ ಬಿಡುತ್ತದೆ. ಹಾಗಾಗಿ ರ್ಯಾಕ್‌ಗಳ ಮುಂದಿನ ಓಣಿಗೆ ಕೋಲ್ಡ್ ಐಲ್, ಹಿಂದಿನದಕ್ಕೆ ಹಾಟ್ ಐಲ್ ಅನ್ನುವ ಹೆಸರು. ಖಾಲಿ ಜಾಗಕ್ಕೆ ಬ್ಲ್ಯಾಂಕಿಂಗ್ ಪ್ಯಾನೆಲ್ ಹಾಕಿ, ಇಲ್ಲದಿದ್ದರೆ ಬಿಸಿ ಗಾಳಿ ಸುತ್ತಿಕೊಂಡು ಮುಂದೆ ಬರುತ್ತದೆ. ಒಳಗೆ ಎಳೆಯುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗೆ ಇರಲಿ ಎನ್ನುವುದು ಹವಾನಿಯಂತ್ರಣದ ಮಾನದಂಡ ರೂಪಿಸುವ ಆಶ್ರೇ ಸಂಸ್ಥೆಯ ಶಿಫಾರಸು.

ಈಗ ಕರೆಂಟು. ಸರ್ವರ್ ಒಳಗಿನ ಪವರ್ ಸಪ್ಲೈಗೆ ಪಿಎಸ್‌ಯು. ರ್ಯಾಕ್ ಹಿಂದೆ ನಿಲ್ಲಿಸಿರುವ ಉದ್ದನೆಯ ಸಾಕೆಟ್ ಪಟ್ಟಿಗೆ ಪಿಡಿಯು. ಕರೆಂಟು ಹೋದಾಗ ಜನರೇಟರ್ ಏಳುವ ತನಕ ಬ್ಯಾಟರಿಯಲ್ಲಿ ಹಿಡಿದು ನಿಲ್ಲಿಸುವುದು ಯುಪಿಎಸ್. ಬಳ್ಳಿಯ ತುದಿಗಳಲ್ಲಿ ಎರಡು ಬಗೆ ಜಾಸ್ತಿ ಕಾಣುತ್ತವೆ: ಸಿ13 ಎನ್ನುವುದು 10 ಆಂಪಿಯರ್‌ದು, ಸಿ19 ಎನ್ನುವುದು 16 ಆಂಪಿಯರ್‌ದು.

ಇಲ್ಲೇ ಮೊದಲ ಜೋಡಿ. "ಎರಡು ಪಿಎಸ್‌ಯು ಇದೆ" ಎನ್ನುವುದೂ "ಎರಡು ದಾರಿಯಲ್ಲಿ ಕರೆಂಟು ಬರುತ್ತಿದೆ" ಎನ್ನುವುದೂ ಬೇರೆ ಬೇರೆ. ಎರಡೂ ಬಳ್ಳಿಯನ್ನು ಒಂದೇ ಪಿಡಿಯುಗೆ ಚುಚ್ಚಿದರೆ, ಆ ಪಿಡಿಯು ಹೋದಾಗ ಎರಡೂ ಹೋದವು. ಒಂದನ್ನು ಎ ಫೀಡ್‌ಗೆ, ಇನ್ನೊಂದನ್ನು ಬಿ ಫೀಡ್‌ಗೆ ಕೊಡಿ. ಎರಡೂ ಫೀಡ್ ಬೇರೆ ಬೇರೆ ಯುಪಿಎಸ್‌ನಿಂದ ಬರುತ್ತವೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ. ಒಂದು ಬದಿ ಹೋದರೆ ಇನ್ನೊಂದು ಬದಿ ಪೂರ್ತಿ ಭಾರ ಹೊರಬೇಕಲ್ವಾ? ಹಾಗಾಗಿ ಪ್ರತಿ ಫೀಡ್‌ನಲ್ಲೂ ಲೋಡ್ ಅರ್ಧಕ್ಕಿಂತ ಕಡಿಮೆ ಇರಬೇಕು. ಯಂತ್ರಕ್ಕೆ ಡೇಟಾ ಹಾಕುವ ಮೊದಲೇ ಒಂದೊಂದೇ ಬಳ್ಳಿ ಕಿತ್ತು ನೋಡಿ. ಇವತ್ತು ಕಿತ್ತರೆ ಯಾರಿಗೂ ನಷ್ಟವಿಲ್ಲ.

ಓಡುತ್ತಿರುವಾಗಲೇ ಬದಲಿಸಬಹುದಾದ ಭಾಗಕ್ಕೆ ಹಾಟ್ ಸ್ವಾಪ್ ಅನ್ನುತ್ತಾರೆ. ಇಂಥ ಸರ್ವರ್‌ಗಳಲ್ಲಿ ಪಿಎಸ್‌ಯು, ಮುಂದಿನ ಡಿಸ್ಕ್‌ಗಳು ಹಾಟ್ ಸ್ವಾಪ್. ಮೆಮೊರಿ ಹಾಗಲ್ಲ, ಅದಕ್ಕೆ ಸರ್ವರ್ ಪೂರ್ತಿ ಆಫ್ ಆಗಬೇಕು, ಬಳ್ಳಿಯೂ ತೆಗೆದಿರಬೇಕು, ಮೈಯ ಸ್ಥಿರ ವಿದ್ಯುತ್ತು ಚಿಪ್‌ಗೆ ತಾಗದ ಹಾಗೆ ಕೈಗೆ ಇಎಸ್‌ಡಿ ಪಟ್ಟಿ ಇರಬೇಕು.

ಹಂತ 2: ಯಂತ್ರದೊಳಗಿನ ಇನ್ನೊಂದು ಯಂತ್ರ

ಸರ್ವರ್ ಬೋರ್ಡ್ ಮೇಲೆ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದಕ್ಕೆ ಬಿಎಂಸಿ ಎಂದು ಹೆಸರು. ಡೆಲ್‌ನವರು ಇದನ್ನು ಐಡ್ರ್ಯಾಕ್ ಅನ್ನುತ್ತಾರೆ, ಎಚ್‌ಪಿಇ ಯಂತ್ರಗಳಲ್ಲಿ ಐಎಲ್‌ಒ. ಸರ್ವರ್ ಆಫ್ ಆಗಿದ್ದರೂ ಬಳ್ಳಿಯಲ್ಲಿ ಕರೆಂಟು ಇದ್ದರೆ ಇದು ಎದ್ದೇ ಇರುತ್ತದೆ. ಮನೆಯಲ್ಲಿ ಕೂತು ಸರ್ವರ್ ಆನ್ ಮಾಡುವುದು, ಪರದೆ ನೋಡುವುದು, ಫ್ಯಾನ್ ಓಡುತ್ತಿದೆಯೇ ಎಂದು ತಿಳಿಯುವುದು ಎಲ್ಲ ಇದರಿಂದಲೇ. ಈ ದಾರಿಗೆ ಔಟ್ ಆಫ್ ಬ್ಯಾಂಡ್ ಎನ್ನುತ್ತಾರೆ, ಅಂದರೆ ಓಎಸ್ ಸತ್ತರೂ ಉಳಿಯುವ ಬೇರೆ ದಾರಿ.

ಇದಕ್ಕೆ ಬೇರೆಯೇ ನೆಟ್‌ವರ್ಕ್ ಪೋರ್ಟ್ ಇರುತ್ತದೆ. ಪ್ರತ್ಯೇಕ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಕೊಡಿ. ಕಂಪನಿಯಿಂದ ಬಂದ ಪಾಸ್‌ವರ್ಡ್ ಅವತ್ತೇ ಬದಲಿಸಿ. ಇಂಟರ್ನೆಟ್‌ಗೆ ಇದನ್ನು ತೆರೆದು ಇಡಬೇಡಿ. ಬಿಎಂಸಿ ಕೈಗೆ ಸಿಕ್ಕರೆ ಸರ್ವರ್ ಮುಂದೆ ಬಂದು ಕೂತ ಹಾಗೆಯೇ.

ಈ ಪರದೆಯಲ್ಲಿ ನಾಲ್ಕು ಗುಂಡಿಗಳು ಒಟ್ಟೊಟ್ಟಿಗೆ ಕಾಣುತ್ತವೆ. ಗ್ರೇಸ್‌ಫುಲ್ ಶಟ್‌ಡೌನ್ ಅಂದರೆ ಓಎಸ್‌ಗೆ ಹೇಳಿ, ಅದು ಫೈಲುಗಳನ್ನೆಲ್ಲ ಮುಚ್ಚಿ ತಾನೇ ಮಲಗುವುದು. ಪವರ್ ಆಫ್ ಅಂದರೆ ಹೇಳದೆ ಕೇಳದೆ ಕರೆಂಟು ಕತ್ತರಿಸುವುದು. ರೀಸೆಟ್ ಅಂದರೆ ಓಎಸ್‌ಗೆ ಹೇಳದೆ, ಕರೆಂಟು ಇದ್ದ ಹಾಗೇ ಯಂತ್ರವನ್ನು ಮೊದಲಿಂದ ಶುರು ಮಾಡಿಸುವುದು. ಪವರ್ ಸೈಕಲ್ ಅಂದರೆ ಕರೆಂಟು ಕತ್ತರಿಸಿ ಮತ್ತೆ ಕೊಡುವುದು. ಮೊದಲನೆಯದೊಂದೇ ಸುರಕ್ಷಿತ. ಉಳಿದ ಮೂರು, ಯಂತ್ರ ಯಾವುದಕ್ಕೂ ಉತ್ತರ ಕೊಡದಿದ್ದಾಗ ಮಾತ್ರ. ಡೇಟಾಬೇಸ್ ಬರೆಯುತ್ತಿರುವಾಗ ಪವರ್ ಆಫ್ ಒತ್ತಿದರೆ ಅರ್ಧ ಬರೆದದ್ದು ಅರ್ಧವೇ ಉಳಿಯಬಹುದು.

ಹಂತ 3: ಫರ್ಮ್‌ವೇರ್, ಬೂಟ್

ಇದು ಬೇಗ ಮುಗಿಯುತ್ತದೆ. ಯಂತ್ರದ ಚಿಪ್‌ಗಳೊಳಗೆ ಕೂತಿರುವ ತಂತ್ರಾಂಶ ಫರ್ಮ್‌ವೇರ್. ಓಎಸ್ ಹಾಕುವ ಮೊದಲೇ ಅದನ್ನು ಹೊಸ ಆವೃತ್ತಿಗೆ ತನ್ನಿ, ಆಮೇಲೆ ಮಾಡಲು ಅನುಮತಿ ಸಿಗುವುದು ಕಷ್ಟ. ಯಂತ್ರವನ್ನು ಎಬ್ಬಿಸಿ ಓಎಸ್‌ಗೆ ಒಪ್ಪಿಸುವ (ಇದೇ ಬೂಟ್) ಫರ್ಮ್‌ವೇರ್‌ನಲ್ಲಿ ಬಯಾಸ್ ಹಳೆಯದು, ಯುಇಎಫ್‌ಐ ಹೊಸದು. ಯುಇಎಫ್‌ಐ ಮೋಡ್ ಇಡಿ. ಡಿಸ್ಕ್ ಹೇಗೆ ಭಾಗವಾಗಿದೆ ಎಂದು ಬರೆದಿಡುವ ಹಳೆಯ ಎಂಬಿಆರ್ ಪಾರ್ಟಿಷನ್ ಪಟ್ಟಿ ಸಾಮಾನ್ಯ ಡಿಸ್ಕ್‌ನಲ್ಲಿ ಸುಮಾರು 2 ಟಿಬಿ ದಾಟುವುದಿಲ್ಲ, ನಮ್ಮದು 4 ಟಿಬಿ. ಜಿಪಿಟಿ ಪಟ್ಟಿಗೆ ಆ ತೊಂದರೆ ಇಲ್ಲ. ಮೊದಲು ಯಾವುದರಿಂದ ಏಳಬೇಕು ಎನ್ನುವ ಸರದಿಗೆ ಬೂಟ್ ಆರ್ಡರ್ ಎಂದು ಹೆಸರು.

ಹಂತ 4: ರೇಡ್

ಇಲ್ಲಿ ನಿಧಾನ ಮಾಡಿ. ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕ್‌ನ ಹಾಗೆ ಓಎಸ್‌ಗೆ ತೋರಿಸುವುದೇ ರೇಡ್. ಈ ಹೆಸರು 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಮಂಡಿಸಿದ ಪ್ರಬಂಧದಿಂದ ಬಂತು. ದೊಡ್ಡ ಬೆಲೆಯ ಒಂದು ಡಿಸ್ಕ್ ಬದಲು ಅಗ್ಗದ ಹಲವು ಡಿಸ್ಕ್ ಜೋಡಿಸಿದರೆ ಹೇಗೆ ಎನ್ನುವುದು ಅವರ ಯೋಚನೆ.

ನಮ್ಮ 4 ಟಿಬಿಯ ನಾಲ್ಕು ಡಿಸ್ಕ್ ಹಿಡಿದು ಲೆಕ್ಕ ಹಾಕೋಣ. ರೇಡ್ 0 ಮಾಡಿದರೆ 16 ಟಿಬಿಯೂ ಸಿಗುತ್ತದೆ, ಆದರೆ ಒಂದೇ ಡಿಸ್ಕ್ ಹೋದರೂ ಎಲ್ಲವೂ ಹೋಯಿತು. ಸರ್ವರ್‌ನ ಡೇಟಾಗೆ ಇದನ್ನು ಮುಟ್ಟಬೇಡಿ. ರೇಡ್ 5ರಲ್ಲಿ 12 ಟಿಬಿ ಸಿಗುತ್ತದೆ, ಒಂದು ಡಿಸ್ಕ್ ಸತ್ತರೆ ತಡೆಯುತ್ತದೆ. ರೇಡ್ 6ರಲ್ಲಿ 8 ಟಿಬಿ, ಯಾವುದೇ ಎರಡು ಸತ್ತರೂ ತಡೆಯುತ್ತದೆ. ರೇಡ್ 10ರಲ್ಲೂ 8 ಟಿಬಿ. ಇದರಲ್ಲಿ ಡಿಸ್ಕ್‌ಗಳು ಜೋಡಿ ಜೋಡಿಯಾಗಿ ಒಂದರ ಪ್ರತಿ ಇನ್ನೊಂದರಲ್ಲಿ ಇಟ್ಟಿರುತ್ತವೆ. ಒಂದೇ ಜೋಡಿಯ ಎರಡೂ ಸತ್ತರೆ ಡೇಟಾ ಹೋಗುತ್ತದೆ, ಬೇರೆ ಬೇರೆ ಜೋಡಿಯಲ್ಲಿ ಒಂದೊಂದು ಸತ್ತರೆ ಉಳಿಯುತ್ತದೆ. ಬರೆಯುವ ವೇಗ ರೇಡ್ 6ಕ್ಕಿಂತ ಚೆನ್ನಾಗಿರುತ್ತದೆ. ಲೆಕ್ಕಪತ್ರದ ಡೇಟಾಬೇಸ್‌ಗೆ ನಾನು ರೇಡ್ 10 ಹಾಕುತ್ತೇನೆ. ಓಎಸ್‌ನ ಎರಡು ಎಸ್‌ಎಸ್‌ಡಿಗೆ ರೇಡ್ 1, ಅಂದರೆ ಒಂದರ ಪಡಿಯಚ್ಚು ಇನ್ನೊಂದು.

ಒಂದು ಡಿಸ್ಕ್ ಸತ್ತಾಗ ರೇಡ್‌ನ ಸ್ಥಿತಿಗೆ ಡಿಗ್ರೇಡೆಡ್ ಅನ್ನುತ್ತಾರೆ. ಕೆಲಸ ನಡೆಯುತ್ತಿರುತ್ತದೆ, ಡಿಸ್ಕ್ ಮೇಲೆ ಕಿತ್ತಳೆ ದೀಪ ಉರಿಯುತ್ತಿರುತ್ತದೆ, ಯಾರೂ ನೋಡುವುದಿಲ್ಲ. ಹೊಸ ಡಿಸ್ಕ್ ಹಾಕಿದ ಮೇಲೆ ಅದನ್ನು ತುಂಬಿಸುವ ಕೆಲಸಕ್ಕೆ ರೀಬಿಲ್ಡ್. ದೊಡ್ಡ ಡಿಸ್ಕ್‌ಗೆ ಹಲವು ಗಂಟೆ ಬೇಕು. ಕಾಯುತ್ತ ಸಿದ್ಧವಾಗಿ ಕೂತ ಹೆಚ್ಚುವರಿ ಡಿಸ್ಕ್‌ಗೆ ಹಾಟ್ ಸ್ಪೇರ್ ಎಂದು ಹೆಸರು. ಸತ್ತ ಡಿಸ್ಕ್ ತೆಗೆಯುವಾಗ ಸ್ಲಾಟ್ ನಂಬರ್ ಎರಡು ಸಲ ಓದಿ. ಬಿಎಂಸಿಯಿಂದ ಆ ಸ್ಲಾಟ್‌ನ ದೀಪ ಮಿನುಗಿಸಿ ಗುರುತು ಹಿಡಿಯಬಹುದು. ಡಿಗ್ರೇಡೆಡ್ ಇದ್ದಾಗ ಪಕ್ಕದ ಒಳ್ಳೆಯ ಡಿಸ್ಕ್ ಎಳೆದರೆ ಕಥೆ ಮುಗಿಯಿತು.

ಇನ್ನೂ ಒಂದು ವಿಷಯ. ಓಎಸ್‌ನಲ್ಲಿ 4 ಟಿಬಿ ಡಿಸ್ಕ್ ಸುಮಾರು 3.64 ಎಂದು ಕಾಣುತ್ತದೆ. ಡಿಸ್ಕ್ ಕಂಪನಿ ಸಾವಿರದ ಲೆಕ್ಕ ಹಾಕುತ್ತದೆ, ಓಎಸ್ 1024ರ ಲೆಕ್ಕ ಹಾಕುತ್ತದೆ. ಜಾಗ ಯಾರೂ ಕದ್ದಿಲ್ಲ.

ಹಂತ 5: ಓಎಸ್ ಹಾಕುವುದು

ಓಎಸ್‌ನ ಪೂರ್ತಿ ಡಿಸ್ಕ್ ಒಂದೇ ಫೈಲಾಗಿ ಬಂದರೆ ಅದಕ್ಕೆ ಐಎಸ್‌ಒ. ಡೌನ್‌ಲೋಡ್ ಸರಿಯಾಗಿ ಆಗಿದೆಯೇ ಎಂದು ತಾಳೆ ನೋಡುವ ಉದ್ದನೆಯ ಸಂಖ್ಯೆಗೆ ಚೆಕ್‌ಸಮ್. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಯಾವ ಆವೃತ್ತಿ? ಎಲ್‌ಟಿಎಸ್ ಅಂದರೆ ಜಾಸ್ತಿ ವರ್ಷ ಸೆಕ್ಯುರಿಟಿ ಪ್ಯಾಚ್ ಸಿಗುವ ಆವೃತ್ತಿ. ಉಬುಂಟುವಿನಲ್ಲಿ ಇದು ಎರಡು ವರ್ಷಕ್ಕೊಮ್ಮೆ ಬರುತ್ತದೆ, ಸಾಮಾನ್ಯ ಬೆಂಬಲ ಐದು ವರ್ಷ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ಗೆ ಹತ್ತು ವರ್ಷ. ಬೆಂಬಲ ಮುಗಿಯುವ ದಿನಕ್ಕೆ ಇಒಎಲ್ ಅನ್ನುತ್ತಾರೆ. ಸೆಂಟ್‌ಒಎಸ್ 7ರ ಇಒಎಲ್ 2024ರ ಜೂನ್ 30. ಆ ದಿನ ಕಳೆದರೂ ಅದೇ ಓಡಿಸುತ್ತಿದ್ದರೆ ಹೊಸ ತೂತುಗಳಿಗೆ ತೇಪೆ ಬರುವುದಿಲ್ಲ. ಓಎಸ್ ಹಾಕುವ ದಿನವೇ ಅದರ ಇಒಎಲ್ ತಾರೀಕು ಬರೆದಿಟ್ಟುಕೊಳ್ಳಿ.

ಡಿಸ್ಕ್ ಹಂಚಿಕೆ ಬಂದಾಗ ಎಲ್‌ವಿಎಂ ಆರಿಸಿ. ಇದನ್ನು ಹೊಲಕ್ಕೆ ಹೋಲಿಸುತ್ತೇನೆ. ಫಿಸಿಕಲ್ ವಾಲ್ಯೂಮ್ ಅಂದರೆ ಒಂದೊಂದು ತುಂಡು ನೆಲ, ವಾಲ್ಯೂಮ್ ಗ್ರೂಪ್ ಅಂದರೆ ಬದು ತೆಗೆದು ಒಂದು ಮಾಡಿದ ಹೊಲ, ಲಾಜಿಕಲ್ ವಾಲ್ಯೂಮ್ ಅಂದರೆ ಅದರಲ್ಲಿ ನೀವು ಮಾಡಿಕೊಂಡ ಮಡಿಗಳು. ಬೇಕಾದಾಗ ಮಡಿ ದೊಡ್ಡದು ಮಾಡಬಹುದು. ಹಾಗಾಗಿ ಹೊಲವನ್ನೆಲ್ಲ ಮೊದಲ ದಿನವೇ ಹಂಚಿಬಿಡಬೇಡಿ, ಸ್ವಲ್ಪ ಖಾಲಿ ಬಿಡಿ. ರೆಡ್ ಹ್ಯಾಟ್‌ನಲ್ಲಿ ತಾನಾಗಿ ಬರುವ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಬೆಳೆಸುವುದು ಸುಲಭ, ಕುಗ್ಗಿಸುವ ದಾರಿ ಇಲ್ಲ ಅಂದುಕೊಂಡೇ ಕೆಲಸ ಮಾಡಿ. ಲಾಗ್‌ಗಳು ತುಂಬುವ 'ವಾರ್' ಡೈರೆಕ್ಟರಿಗೆ ಬೇರೆ ಮಡಿ ಕೊಡಿ. ಅದು ತುಂಬಿ ತುಳುಕಿದರೂ ಇಡೀ ಸಿಸ್ಟಮ್ ನಿಲ್ಲಬಾರದು.

ಒಂದು ಮಡಿಯನ್ನು ಡೈರೆಕ್ಟರಿಗೆ ಅಂಟಿಸುವುದಕ್ಕೆ ಮೌಂಟ್ ಅನ್ನುತ್ತಾರೆ. ಕೈಯಿಂದ ಮಾಡಿದ ಮೌಂಟ್ ರೀಬೂಟ್ ಆದರೆ ಹೋಗುತ್ತದೆ. ಎಫ್‌ಎಸ್‌ಟ್ಯಾಬ್ ಎನ್ನುವ ಫೈಲಿನಲ್ಲಿ ಬರೆದರೆ ಮಾತ್ರ ಉಳಿಯುತ್ತದೆ.

ಹಂತ 6: ಹೆಸರು ಮತ್ತು ನೆಟ್‌ವರ್ಕ್

ನೆಟ್‌ವರ್ಕ್ ಕಾರ್ಡ್‌ಗೆ ಎನ್‌ಐಸಿ. ಕಾರ್ಡ್‌ಗೆ ಕಾರ್ಖಾನೆಯಲ್ಲೇ ಬರುವ ಗುರುತು ಮ್ಯಾಕ್ ವಿಳಾಸ, ನೀವು ಕೊಡುವುದು ಐಪಿ. ಸರ್ವರ್‌ಗೆ ಬದಲಾಗದ ಐಪಿ, ಅಂದರೆ ಸ್ಟ್ಯಾಟಿಕ್ ಐಪಿ ಇರಬೇಕು. ತನ್ನ ಬೀದಿ ಎಲ್ಲಿಯವರೆಗೆ ಎಂದು ಹೇಳುವುದು ಸಬ್‌ನೆಟ್ ಮಾಸ್ಕ್, ಬೀದಿಯಿಂದ ಹೊರಗೆ ಹೋಗುವ ಬಾಗಿಲು ಗೇಟ್‌ವೇ, ಹೆಸರು ಹೇಳಿದರೆ ಐಪಿ ತಿಳಿಸುವುದು ಡಿಎನ್‌ಎಸ್. ಒಂದೇ ಸ್ವಿಚ್‌ನಲ್ಲಿ ಹಲವು ಬೀದಿ ಮಾಡುವುದು ವಿಲ್ಯಾನ್. ಎರಡು ಕೇಬಲ್ ಸೇರಿಸಿ ಒಂದರಂತೆ ಬಳಸುವುದು ಬಾಂಡಿಂಗ್. ಕರೆಂಟಿನ ಮಾತೇ ಇಲ್ಲೂ ಅನ್ವಯ: ಎರಡು ಕೇಬಲ್ ಎರಡು ಬೇರೆ ಸ್ವಿಚ್‌ಗೆ ಹೋಗಲಿ. ಅದಕ್ಕೆ ಆ ಸ್ವಿಚ್‌ಗಳು ಯಾವ ಬಗೆಯ ಬಾಂಡಿಂಗ್ ಒಪ್ಪುತ್ತವೆ ಎಂದು ನೆಟ್‌ವರ್ಕ್ ತಂಡವನ್ನು ಮೊದಲೇ ಕೇಳಿ.

ಹೋಸ್ಟ್‌ನೇಮ್, ಅಂದರೆ ಯಂತ್ರದ ಹೆಸರು, ಸುಮ್ನೆ ಇಡುವುದಲ್ಲ. 2017ರ ಜನವರಿ 31ರಂದು ಪ್ರೋಗ್ರಾಂಗಳ ಕೋಡ್ ಇಟ್ಟುಕೊಳ್ಳಲು ಜಾಗ ಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಆದದ್ದನ್ನು ಅವರೇ ಬಹಿರಂಗವಾಗಿ ಬರೆದು ತಿಳಿಸಿದ್ದಾರೆ. ಅಲ್ಲಿ ಎರಡು ಡೇಟಾಬೇಸ್ ಸರ್ವರ್‌ಗಳಿದ್ದವು, ಹೆಸರಿನಲ್ಲಿ ಒಂದು ಅಂಕಿ ಮಾತ್ರ ಬೇರೆ. ನಕಲು ಸರ್ವರ್‌ನಲ್ಲಿ ಡೇಟಾ ಡೈರೆಕ್ಟರಿ ಅಳಿಸಬೇಕಿದ್ದ ಎಂಜಿನಿಯರ್, ರಾತ್ರಿ ದಣಿದ ಹೊತ್ತಿನಲ್ಲಿ, ಮುಖ್ಯ ಸರ್ವರ್‌ನಲ್ಲಿ ಆ ಕಮ್ಯಾಂಡ್ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ನಿಮ್ಮ ಯಂತ್ರಗಳ ಹೆಸರಿನಲ್ಲಿ ಕೆಲಸ ಏನು, ಅದು ಪ್ರೊಡಕ್ಷನ್ನೋ ಟೆಸ್ಟೋ ಎನ್ನುವುದು ಕಣ್ಣಿಗೆ ಹೊಡೆಯುವ ಹಾಗೆ ಇರಲಿ. ಪ್ರೊಡಕ್ಷನ್ ಅಂದರೆ ಜನ ನಿಜವಾಗಿ ಬಳಸುತ್ತಿರುವ ಸಿಸ್ಟಮ್. ಅದರ ಟರ್ಮಿನಲ್ ಬಣ್ಣ ಕೆಂಪು ಮಾಡಿಕೊಳ್ಳಿ. ಈ ಘಟನೆಯ ಉಳಿದರ್ಧ ಬ್ಯಾಕಪ್ ಹಂತದಲ್ಲಿ ಹೇಳುತ್ತೇನೆ.

ಹಂತ 7: ಗಡಿಯಾರ, ಲಾಗ್, ಬಳಕೆದಾರರು

ಯಂತ್ರದಲ್ಲಿ ಆದದ್ದನ್ನೆಲ್ಲ ಸಮಯದ ಜೊತೆ ಬರೆದಿಡುವ ದಾಖಲೆಯೇ ಲಾಗ್. ಎಲ್ಲ ಯಂತ್ರಗಳ ಗಡಿಯಾರ ಒಂದೇ ಇರಲು ನೆಟ್‌ವರ್ಕ್ ಮೂಲಕ ಸಮಯ ಹೊಂದಿಸುವ ಎನ್‌ಟಿಪಿ ಬೇಕು. ಎರಡು ಸರ್ವರ್‌ಗಳ ಸಮಯದಲ್ಲಿ ಮೂರು ನಿಮಿಷ ವ್ಯತ್ಯಾಸ ಇದ್ದರೆ, ಯಾವುದು ಮೊದಲು ಕೆಟ್ಟಿತು ಎಂದು ಲಾಗ್ ನೋಡಿ ಹೇಳಲು ಆಗುವುದಿಲ್ಲ. ನಮ್ಮ ದೇಶದಲ್ಲಿ ಇದು ನಿಯಮ ಕೂಡ. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ (ಇದೂ ಎನ್‌ಐಸಿಯೇ, ಕಾರ್ಡ್ ಅಲ್ಲ) ಅಥವಾ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ (ಎನ್‌ಪಿಎಲ್) ಎನ್‌ಟಿಪಿ ಸರ್ವರ್‌ಗೋ ಅವಕ್ಕೆ ತಾಳೆಯಾಗುವ ಸರ್ವರ್‌ಗೋ ಗಡಿಯಾರ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು.

ಲಿನಕ್ಸ್‌ನಲ್ಲಿ ಎಲ್ಲ ಅಧಿಕಾರ ಇರುವ ಬಳಕೆದಾರ ರೂಟ್. ಅದರಲ್ಲಿ ನೇರ ಲಾಗಿನ್ ಮಾಡಬೇಡಿ. ಪ್ರತಿಯೊಬ್ಬರಿಗೂ ಸ್ವಂತ ಹೆಸರಿನ ಅಕೌಂಟ್ ಇರಲಿ, ಬೇಕಾದಾಗ, ಒಂದು ಕಮ್ಯಾಂಡ್‌ಗೆ ಮಾತ್ರ ರೂಟ್ ಅಧಿಕಾರ ಕೊಡುವ ಸುಡೋ ಬಳಸಲಿ. ಆಗ ಯಾರು ಏನು ಮಾಡಿದರು ಎನ್ನುವುದು ಲಾಗ್‌ನಲ್ಲಿ ಉಳಿಯುತ್ತದೆ.

ಹಂತ 8: ಸರ್ವಿಸ್

ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂಗೆ ಸರ್ವಿಸ್ ಅಥವಾ ಡೀಮನ್ ಎಂದು ಹೆಸರು. ರೀಸ್ಟಾರ್ಟ್ ಅಂದರೆ ಆ ಒಂದು ಪ್ರೋಗ್ರಾಂ ನಿಲ್ಲಿಸಿ ಮತ್ತೆ ಓಡಿಸುವುದು, ಕೆಲವೇ ಸೆಕೆಂಡು. ರೀಲೋಡ್ ಅಂದರೆ ನಿಲ್ಲಿಸದೆ ಸೆಟಿಂಗ್ ಮಾತ್ರ ಮತ್ತೆ ಓದಿಸುವುದು. ರೀಬೂಟ್ ಅಂದರೆ ಇಡೀ ಯಂತ್ರ. ಸರ್ವರ್ ಏಳುವಾಗ ಮೆಮೊರಿ, ಕಾರ್ಡ್, ಡಿಸ್ಕ್ ಎಲ್ಲ ಪರೀಕ್ಷೆ ಮಾಡಿಕೊಳ್ಳುವುದರಿಂದ ಲ್ಯಾಪ್‌ಟಾಪ್‌ಗಿಂತ ತುಂಬಾ ತಡ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಕಚೇರಿಯಲ್ಲಿ ಡೇಟಾಬೇಸ್ ಹಾಕಿಕೊಟ್ಟೆ. ಸ್ಟಾರ್ಟ್ ಮಾಡಿದೆ, ಎಲ್ಲ ಸರಿ ಇತ್ತು. ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ಕರೆಂಟು ಹೋಗಿ ಬಂತು. ಸೋಮವಾರ ಬೆಳಿಗ್ಗೆ ಸರ್ವರ್ ಎದ್ದಿತ್ತು, ಡೇಟಾಬೇಸ್ ಎದ್ದಿರಲಿಲ್ಲ. ಹೊರಗೆ ಜನ ಸಾಲಿನಲ್ಲಿ ನಿಂತಿದ್ದರು. ಕಾರಣ ಇಷ್ಟೇ: ಸ್ಟಾರ್ಟ್ ಮಾಡಿದ್ದೆ, ಎನೇಬಲ್ ಮಾಡಿರಲಿಲ್ಲ. ಸ್ಟಾರ್ಟ್ ಅಂದರೆ ಈಗ ಓಡು. ಎನೇಬಲ್ ಅಂದರೆ ಪ್ರತಿ ಸಲ ಯಂತ್ರ ಎದ್ದಾಗ ನೀನೂ ಏಳು. ಆ ಸಾಲಿನಲ್ಲಿ ನಿಂತಿದ್ದ ವಯಸ್ಸಾದವರ ಮುಖ ಇನ್ನೂ ನೆನಪಿದೆ. ಅಂದಿನಿಂದ, ಬಳಕೆಗೆ ಬಿಡುವ ಮೊದಲು ಒಮ್ಮೆ ಬೇಕೆಂದೇ ರೀಬೂಟ್ ಮಾಡಿ, ಕೈ ಹಾಕದೆ ಎಲ್ಲವೂ ತಾನಾಗಿ ಎದ್ದಿತೇ ನೋಡುತ್ತೇನೆ. ನೀವೂ ಮಾಡಿ. ಮೌಂಟ್, ಐಪಿ, ನೆಟ್‌ವರ್ಕ್‌ನಿಂದ ಯಾರನ್ನು ಒಳಗೆ ಬಿಡಬೇಕು ಎನ್ನುವ ಫೈರ್‌ವಾಲ್ ನಿಯಮ, ಸರ್ವಿಸ್, ನಾಲ್ಕೂ ಅದರಲ್ಲೇ ಪರೀಕ್ಷೆಯಾಗುತ್ತವೆ.

ಹಂತ 9: ದಿನದಿನದ ಮಾತು

ಯಂತ್ರವನ್ನು ಸದಾ ಗಮನಿಸುವುದು ಮಾನಿಟರಿಂಗ್. ಜ್ಯಾಬಿಕ್ಸ್, ನಾಗಿಯೋಸ್, ಪ್ರಾಮಿಥಿಯಸ್ ಇಂಥ ಸಾಧನಗಳು. ಎಷ್ಟು ದಾಟಿದರೆ ಎಚ್ಚರಿಸಬೇಕು ಎನ್ನುವ ಗೆರೆ ಥ್ರೆಶೋಲ್ಡ್, ಬರುವ ಎಚ್ಚರಿಕೆ ಅಲರ್ಟ್. ಡಿಸ್ಕ್ ಜಾಗ, ರೇಡ್ ಸ್ಥಿತಿ, ಪಿಎಸ್‌ಯು ಈ ಮೂರಕ್ಕೆ ಮೊದಲ ದಿನವೇ ಅಲರ್ಟ್ ಹಾಕಿ. ದೂರು ದಾಖಲಾದರೆ ಅದು ಟಿಕೆಟ್. ಪಿ1 ಅಂದರೆ ಎಲ್ಲರ ಕೆಲಸ ನಿಂತಿದೆ, ಊಟ ಬಿಟ್ಟು ಎದ್ದು ಬನ್ನಿ ಎಂದು ಅರ್ಥ. ಒಪ್ಪಂದದಲ್ಲಿ "99.9 ಅಪ್‌ಟೈಮ್", ಅಂದರೆ ಶೇಕಡ 99.9 ಹೊತ್ತು ಯಂತ್ರ ಓಡುತ್ತಿರಬೇಕು ಎಂದಿದ್ದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಲ್ಲಬಹುದು. "99.99" ಅಂದರೆ 52 ನಿಮಿಷ ಮಾತ್ರ. ಒಂದು ಅಂಕಿ ಜಾಸ್ತಿ ಆದರೆ ಎಷ್ಟು ಬಿಗಿ ಆಯಿತು ನೋಡಿ.

ಬದಲಾವಣೆ ಮಾಡಲು ಮೊದಲೇ ಗೊತ್ತು ಮಾಡಿದ ಸಮಯ ಚೇಂಜ್ ವಿಂಡೋ. ಕೆಟ್ಟರೆ ಹಿಂದಿನ ಸ್ಥಿತಿಗೆ ಹೋಗುವ ದಾರಿ ರೋಲ್‌ಬ್ಯಾಕ್. ರೋಲ್‌ಬ್ಯಾಕ್ ಬರೆದಿಲ್ಲದ ಬದಲಾವಣೆಗೆ ಒಪ್ಪಬೇಡಿ. ಪ್ಯಾಚ್ ಅಂದರೆ ಇರುವ ಆವೃತ್ತಿಗೇ ಹಾಕುವ ತೇಪೆ, ಅಪ್‌ಗ್ರೇಡ್ ಅಂದರೆ ಆವೃತ್ತಿಯೇ ಬದಲಾಗುವುದು. ಯಾವುದಾದರೂ ಸರಿ, ಮೊದಲು ಟೆಸ್ಟ್ ಯಂತ್ರಕ್ಕೆ, ಆಮೇಲೆ ಒಂದೆರಡಕ್ಕೆ, ಕೊನೆಗೆ ಎಲ್ಲದಕ್ಕೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎನ್ನುವ ಸೆಕ್ಯುರಿಟಿ ಕಂಪನಿಯ ಒಂದು ಅಪ್‌ಡೇಟ್ ಹೀಗೆ ಹಂತ ಹಂತವಾಗಿ ಹೋಗದೆ ಒಟ್ಟಿಗೆ ಹೋಯಿತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ನಮ್ಮ ದೇಶದಲ್ಲೂ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಡಬೇಕಾಯಿತು.

ಹಂತ 10: ಬ್ಯಾಕಪ್, ಮತ್ತು ಅದನ್ನು ಮರಳಿ ತರುವುದು

ಕೊನೆಯ ಜೋಡಿ, ಎಲ್ಲಕ್ಕಿಂತ ದುಬಾರಿಯದು. ರೇಡ್ ಬ್ಯಾಕಪ್ ಅಲ್ಲ. ಡಿಸ್ಕ್ ಸತ್ತರೆ ರೇಡ್ ಕಾಪಾಡುತ್ತದೆ. ನೀವು ತಪ್ಪಾಗಿ ಫೈಲ್ ಅಳಿಸಿದರೆ ಅದು ಎಲ್ಲ ಡಿಸ್ಕ್‌ನಲ್ಲೂ ಅದೇ ಕ್ಷಣ ಅಳಿಸುತ್ತದೆ. ಒಂದು ಕ್ಷಣದ ಡೇಟಾ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಕೂಡ ಪೂರ್ತಿ ಬ್ಯಾಕಪ್ ಅಲ್ಲ, ಅದು ಸಾಮಾನ್ಯವಾಗಿ ಅದೇ ಡಿಸ್ಕ್‌ಗಳ ಮೇಲೆ ಇರುತ್ತದೆ.

ಫುಲ್ ಬ್ಯಾಕಪ್ ಅಂದರೆ ಎಲ್ಲದರ ಪ್ರತಿ. ಇನ್‌ಕ್ರಿಮೆಂಟಲ್ ಅಂದರೆ ಹಿಂದಿನ ಬ್ಯಾಕಪ್ ಆದ ಮೇಲೆ ಬದಲಾದದ್ದು ಮಾತ್ರ. ಡಿಫರೆನ್ಷಿಯಲ್ ಅಂದರೆ ಹಿಂದಿನ ಫುಲ್ ಆದ ಮೇಲೆ ಬದಲಾದದ್ದೆಲ್ಲ. 3-2-1 ಎಂದು ಒಂದು ಲೆಕ್ಕ ಇದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಎಷ್ಟು ಹೊತ್ತಿನ ಡೇಟಾ ಹೋದರೆ ತಡೆದುಕೊಳ್ಳಬಹುದು ಎನ್ನುವುದು ಆರ್‌ಪಿಒ, ಎಷ್ಟು ಹೊತ್ತಿನಲ್ಲಿ ಮತ್ತೆ ಶುರುವಾಗಬೇಕು ಎನ್ನುವುದು ಆರ್‌ಟಿಒ. ಇವೆರಡನ್ನು ನೀವೇ ಊಹಿಸಬೇಡಿ, ಲೆಕ್ಕಪತ್ರದವರನ್ನು ಕೇಳಿ ಬರೆಸಿಕೊಳ್ಳಿ.

ಗಿಟ್‌ಲ್ಯಾಬ್‌ನಲ್ಲಿ ಅವತ್ತು ಬ್ಯಾಕಪ್‌ಗೆ ಹಲವು ಏರ್ಪಾಡು ಇದ್ದವು. ದಿನದ ಬ್ಯಾಕಪ್ ಇಡುವ ಜಾಗ ತೆರೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸ್‌ನ ಆವೃತ್ತಿಯೂ ಬ್ಯಾಕಪ್ ಸಾಧನದ ಆವೃತ್ತಿಯೂ ಹೊಂದದೆ ಕೆಲಸ ಸೋಲುತ್ತಿತ್ತು. ಸೋತಿತು ಎಂದು ಹೇಳುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆ ಎಂದು ಸುಮಾರು ಆರು ಗಂಟೆ ಮೊದಲು ಒಬ್ಬರು ತೆಗೆದಿದ್ದ ಎಲ್‌ವಿಎಂ ಸ್ನ್ಯಾಪ್‌ಶಾಟ್ ಇತ್ತು. ಅದೇ ಕೈಹಿಡಿಯಿತು. ಆ ಆರು ಗಂಟೆಯ ಡೇಟಾ ಮರಳಿ ಬರಲಿಲ್ಲ.

ಹಾಗಾಗಿ ನಮ್ಮ ಸರ್ವರ್‌ಗೆ ಇಷ್ಟು ಮಾಡಿ. ಮೊದಲ ಫುಲ್ ಬ್ಯಾಕಪ್ ಆದ ಮರುದಿನ, ಬೇರೊಂದು ಯಂತ್ರ ತೆಗೆದುಕೊಂಡು ಅದರ ಮೇಲೆ ಪೂರ್ತಿ ರೀಸ್ಟೋರ್ ಮಾಡಿ, ಅಂದರೆ ಬ್ಯಾಕಪ್‌ನಿಂದ ಎಲ್ಲವನ್ನೂ ಮರಳಿ ತನ್ನಿ. ಶುರು ಮಾಡಿದ ಸಮಯ, ಮುಗಿದ ಸಮಯ ಗುರುತು ಹಾಕಿಕೊಳ್ಳಿ. ಅದು ಬರೆಸಿಕೊಂಡ ಆರ್‌ಟಿಒ ಒಳಗೆ ಇದೆಯೇ ನೋಡಿ. ಲೆಕ್ಕಪತ್ರದವರನ್ನೇ ಕರೆದು ಕೂರಿಸಿ, ನಿನ್ನೆಯ ಕೊನೆಯ ವೋಚರ್ ತೆರೆದು ಮೊತ್ತ ತಾಳೆ ಮಾಡಿಸಿ. ಅವರು ಸರಿ ಇದೆ ಅಂದ ಮೇಲೆ ತಾರೀಕು, ಹಿಡಿದ ಸಮಯ, ಮುಂದಿನ ರೀಸ್ಟೋರ್ ಪರೀಕ್ಷೆಯ ದಿನ ಮೂರನ್ನೂ ಯಂತ್ರದ ಕೆಲಸದ ಕ್ರಮ ಬರೆದಿಡುವ ರನ್‌ಬುಕ್‌ನಲ್ಲಿ ಬರೆದು ಸರ್ವರ್ ಅನ್ನು ಬಳಕೆಗೆ ಬಿಟ್ಟುಕೊಡಿ.